ಅಂಗಡಿ ಬಾಡಿಗೆ: ಎಷ್ಟು ರೂಪಾಯಿ ಅನ್ನೋದಕ್ಕಿಂತ ಎಷ್ಟು ವರ್ಷ

ಮೈಸೂರಿನಲ್ಲಿ ಅಂಗಡಿ ಹುಡುಕುವವರು ಎರಡು ಪ್ರಶ್ನೆ ತಪ್ಪದೆ ಕೇಳುತ್ತಾರೆ. ಬಾಡಿಗೆ ಎಷ್ಟು? ಅಡ್ವಾನ್ಸ್ ಎಷ್ಟು? ಎರಡೂ ಕೈಗೆಟಕುವ ಹಾಗಿದ್ದರೆ ಒಳ್ಳೆ ದಿನ ನೋಡಿ ಟೋಕನ್ ಕೊಟ್ಟುಬಿಡುತ್ತಾರೆ. ಮೂರನೇ ಪ್ರಶ್ನೆ ಕೇಳುವವರು ತುಂಬಾ ಕಡಿಮೆ. ಈ ಜಾಗ ನನಗೆ ಎಷ್ಟು ವರ್ಷಕ್ಕೆ ಗ್ಯಾರಂಟಿ?

ನಾನು ವಕೀಲನಲ್ಲ. ಸಣ್ಣ ಅಂಗಡಿಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ, ಬ್ಯಾಂಕ್ ಸಾಲದ ಕಾಗದ, ಹೀಗೆ. ಇವೆಲ್ಲಕ್ಕೂ ಬಾಡಿಗೆ ಕರಾರು ಬೇಕಾಗುತ್ತದೆ. ಹಾಗಾಗಿ ವರ್ಷಗಳಿಂದ ಬೇರೆಯವರ ಕರಾರು ಪತ್ರಗಳನ್ನು ಓದುತ್ತಾ ಬಂದಿದ್ದೇನೆ. ಟೈಲರ್ ಅಂಗಡಿ, ಬೇಕರಿ, ಮೊಬೈಲ್ ರಿಪೇರಿ, ಟ್ಯೂಷನ್ ಸೆಂಟರ್, ಮೆಡಿಕಲ್ ಸ್ಟೋರ್, ಯಾರದ್ದೇ ಇರಲಿ, ಹತ್ತರಲ್ಲಿ ಒಂಬತ್ತು ಒಂದೇ ಅಚ್ಚಿನವು. ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ ಹಳೇ ಫೈಲ್ ತೆಗೆದು, ಹೆಸರು ಬದಲಿಸಿ, ಇ-ಸ್ಟ್ಯಾಂಪ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿದ್ದು. ಅವಧಿ 11 ತಿಂಗಳು.

ಈ 11 ತಿಂಗಳ ಬಗ್ಗೆಯೇ ಮೊದಲು ಹೇಳಬೇಕು. ಉಳಿದ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರುವಾಗುತ್ತವೆ.

1882ರ ಆಸ್ತಿ ವರ್ಗಾವಣೆ ಕಾಯ್ದೆ ಅಂತ ಒಂದಿದೆ. ಬ್ರಿಟಿಷರ ಕಾಲದ್ದು. ನಮ್ಮ ಅಂಗಡಿ ಬಾಡಿಗೆಗಳ ಬುಡ ಇವತ್ತಿಗೂ ಅದೇ. ಅದರ 107ನೇ ಸೆಕ್ಷನ್ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ನೋಂದಣಿ ಅಂದರೆ ಸ್ಟ್ಯಾಂಪ್ ಶುಲ್ಕ, ಸಬ್ ರಿಜಿಸ್ಟ್ರಾರ್ ಕಚೇರಿ, ಅರ್ಧ ದಿನದ ಓಡಾಟ. ಅದನ್ನೆಲ್ಲ ತಪ್ಪಿಸಲು 11 ತಿಂಗಳು ಅಂತ ಬರೆಯುತ್ತಾರೆ. ಮನೆ ಬಾಡಿಗೆಗೆ ಅದು ನಡೆಯುತ್ತದೆ. ಮನೆ ಬಿಟ್ಟರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಮನೆ ಸಿಗುತ್ತದೆ. ಅಂಗಡಿ ಹಾಗಲ್ಲ. ಗಿರಾಕಿಗೆ ಆ ತಿರುವು, ಆ ಮರ, ಆ ಬೋರ್ಡು ಅಭ್ಯಾಸ ಆಗಿರುತ್ತದೆ. ಐದು ವರ್ಷ ಕೂತು ಗಳಿಸಿದ ಹೆಸರಿನಲ್ಲಿ ಅರ್ಧ ಆ ಜಾಗಕ್ಕೇ ಅಂಟಿಕೊಂಡಿರುತ್ತದೆ. ಜಾಗ ಬಿಟ್ಟರೆ ಆ ಅರ್ಧ ಅಲ್ಲೇ ಉಳಿಯುತ್ತದೆ.

ಕರಾರು ಮುಗಿದ ಮೇಲೂ ಎಷ್ಟೋ ಜನ ಹೊಸದು ಬರೆಸುವುದಿಲ್ಲ. ಬಾಡಿಗೆ ಕೊಡುತ್ತಾ ಹೋಗುತ್ತಾರೆ, ಓನರ್ ತೆಗೆದುಕೊಳ್ಳುತ್ತಾ ಹೋಗುತ್ತಾರೆ. ಆಗ ಕಾನೂನಿನ ಲೆಕ್ಕದಲ್ಲಿ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. ಅದನ್ನು ಮುಗಿಸಲು 106ನೇ ಸೆಕ್ಷನ್ ಕೇಳುವುದು ಬರಹದಲ್ಲಿ 15 ದಿನದ ನೋಟಿಸ್ ಅಷ್ಟೇ. ಕೃಷಿಗೆ ಅಥವಾ ವಸ್ತು ತಯಾರಿಕೆಗೆ ಕೊಟ್ಟ ಜಾಗವಾದರೆ ವರ್ಷದ ಗುತ್ತಿಗೆ ಅಂತ ಭಾವಿಸಿ ಆರು ತಿಂಗಳ ನೋಟಿಸ್ ಬೇಕು ಅನ್ನುತ್ತದೆ. ವ್ಯಾಪಾರದ ಅಂಗಡಿಗೆ 15 ದಿನ.

ವಿಜಯನಗರದ ಕಡೆ ಒಂದು ಬೇಕರಿ ಇತ್ತು. ಹಾಸನದ ಕಡೆಯಿಂದ ಬಂದ ಅಣ್ಣ ತಮ್ಮ ನಡೆಸುತ್ತಿದ್ದರು. ಒಲೆ, ಹಿಟ್ಟು ಕಲಸುವ ಮೆಷಿನ್, ಗಾಜಿನ ಶೋಕೇಸ್, ಹಿಂದುಗಡೆ ಚಿಮಣಿ, ಎಲ್ಲಕ್ಕೂ ಸಾಲ ಮಾಡಿದ್ದರು. ಸಾಲದ ಕಂತು ಐದು ವರ್ಷದ್ದು. ಕರಾರು 11 ತಿಂಗಳದ್ದು. ನಾನು ಅವರ ಲೆಕ್ಕ ನೋಡಲು ಶುರು ಮಾಡುವ ಹೊತ್ತಿಗೆ ಆ ಕರಾರು ಮುಗಿದೇ ಬಹಳ ದಿನ ಆಗಿತ್ತು. ವ್ಯಾಪಾರ ಚೆನ್ನಾಗಿ ಕುದುರಿತ್ತು. ಸಂಜೆ ನಾಲ್ಕಕ್ಕೆ ಪಫ್ಸ್ ಟ್ರೇ ಹೊರಗೆ ಬಂದರೆ ಐದಕ್ಕೆ ಖಾಲಿ. ಆಮೇಲೆ ಒಂದು ದಿನ ಓನರ್ ಕಡೆಯಿಂದ ನೋಟಿಸ್ ಬಂತು. ಅವರ ಸಂಬಂಧಿಕರೊಬ್ಬರಿಗೆ ಅದೇ ಜಾಗ ಬೇಕಾಗಿತ್ತು. ಅಣ್ಣನಾದವರು ನೋಟಿಸ್ ಹಿಡಿದು ಬಂದು ಕೇಳಿದ್ದು ಇಷ್ಟೇ: "ಸಾರ್, ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ. ಆದ್ರೂ ಹೀಗೆ ಮಾಡಬಹುದಾ?"

ಮಾಡಬಹುದು. ಬಾಡಿಗೆ ಸರಿಯಾಗಿ ಕಟ್ಟಿದ್ದು ಒಳ್ಳೆಯತನ. ಅದರಿಂದ ಜಾಗದ ಮೇಲೆ ಹಕ್ಕು ಹುಟ್ಟುವುದಿಲ್ಲ. ಬಲವಂತವಾಗಿ ಬೀಗ ಜಡಿಯುವ ಹಾಗಿಲ್ಲ, ಕೋರ್ಟ್ ಮೂಲಕವೇ ಬಿಡಿಸಬೇಕು ಅನ್ನುವುದು ನಿಜ. ಆದರೆ ಕೋರ್ಟ್ ಮೆಟ್ಟಿಲು ಹತ್ತಿಕೊಂಡು ಬನ್ ಮಾರಲು ಯಾರಿಗೆ ಮನಸ್ಸಿರುತ್ತದೆ? ಅವರು ಖಾಲಿ ಮಾಡಿದರು. ಒಲೆಯನ್ನು ಕಿತ್ತು ಸಾಗಿಸುವಾಗ ಒಳಗಿನ ಇಟ್ಟಿಗೆ ಒಡೆದು ಅದು ಮತ್ತೆ ಕೆಲಸಕ್ಕೆ ಬರಲಿಲ್ಲ. ಒಲೆಯ ಕಂತು ಮಾತ್ರ ಇನ್ನೂ ಬಾಕಿ ಇತ್ತು.

ಇದನ್ನು ನೋಡಿದ ಮೇಲೆ ನನ್ನ ಹತ್ತಿರ ಬರುವವರಿಗೆ ಒಂದು ಮಾತು ಬಿಡದೆ ಹೇಳುತ್ತೇನೆ. ಒಳಗೆ ಹಾಕುವ ದುಡ್ಡು ವಾಪಸ್ ಬರಲು ಎಷ್ಟು ವರ್ಷ ಬೇಕೋ ಅಷ್ಟು ವರ್ಷದ ನೋಂದಣಿಯಾದ ಕರಾರು ಮಾಡಿಸಿ. ಮೇಜು ಕುರ್ಚಿ ಹಾಕಿಕೊಂಡು ಕೂರುವ ಕೆಲಸವಾದರೆ 11 ತಿಂಗಳು ಸಾಕು. ಸಾಲ ತಂದು ಇಂಟೀರಿಯರ್ ಮಾಡಿಸುವವರಿಗೆ ಸಾಲದು.

ಕೆಲವರು ಐದು ವರ್ಷ ಅಂತ ಬರೆಸಿ, ನೋಂದಣಿ ಮಾಡಿಸದೆ ನೋಟರಿ ಸೀಲ್ ಹಾಕಿಸಿ ಸುಮ್ನೆ ಇರುತ್ತಾರೆ. ಇದು ಇನ್ನೂ ಕಷ್ಟ. ನೋಟರಿ ಬೇರೆ, ನೋಂದಣಿ ಬೇರೆ. ನೋಂದಣಿ ಆಗಬೇಕಾದ ಕಾಗದ ಆಗದೇ ಇದ್ದರೆ, 1908ರ ನೋಂದಣಿ ಕಾಯ್ದೆ ಪ್ರಕಾರ ಅದರಲ್ಲಿನ ಷರತ್ತುಗಳನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಮುಂದಿಡಲು ಆಗುವುದಿಲ್ಲ. ಐದು ವರ್ಷ ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಅದು ತಿಂಗಳ ಬಾಡಿಗೆಯ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ಅಂದರೆ ಮತ್ತೆ ಅದೇ 15 ದಿನ.

ಹಾಗಾದರೆ ಓನರ್‌ಗಳು ನೋಂದಣಿಗೆ ಯಾಕೆ ಹಿಂದೇಟು ಹಾಕುತ್ತಾರೆ? ಅವರನ್ನು ಸುಮ್ನೆ ಬೈದು ಪ್ರಯೋಜನ ಇಲ್ಲ. ಅವರ ಭಯಕ್ಕೂ ಒಂದು ಕತೆ ಇದೆ. ಸಯ್ಯಾಜಿ ರಾವ್ ರಸ್ತೆ, ಅಶೋಕ ರಸ್ತೆ, ಸಂತೇಪೇಟೆಯ ಹಳೇ ಮನೆತನಗಳನ್ನು ಕೇಳಿ ನೋಡಿ. ತಾತನ ಕಾಲದಲ್ಲಿ ಕೊಟ್ಟ ಮಳಿಗೆ, ತಲೆಮಾರು ಕಳೆದರೂ ಬಿಡಿಸಿಕೊಳ್ಳಲು ಆಗಲಿಲ್ಲ ಅನ್ನುತ್ತಾರೆ. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದಾಗ ಬಾಡಿಗೆದಾರನನ್ನು ಎಬ್ಬಿಸುವುದು ಬಹಳ ಕಷ್ಟ ಇತ್ತು. ಕಾಯ್ದೆ ಹೇಳಿದ ಕಾರಣಗಳಲ್ಲಿ ಒಂದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಿತ್ತು. ಬಾಡಿಗೆ ಮಾತ್ರ ಇದ್ದಲ್ಲೇ ನಿಂತಿರುತ್ತಿತ್ತು. ಪಗಡಿ, ಅಂದರೆ ಜಾಗ ಬಿಟ್ಟುಕೊಡಲು ಒಂದೇ ಸಲಕ್ಕೆ ಕೊಡುವ ದುಡ್ಡು, ಕೊಟ್ಟು ಒಬ್ಬರಿಂದ ಇನ್ನೊಬ್ಬರಿಗೆ ಅಂಗಡಿ ಕೈ ಬದಲಾಗುತ್ತಿತ್ತು, ಓನರ್ ನೋಡುತ್ತಾ ನಿಲ್ಲಬೇಕಿತ್ತು.

ಆ ಕಾಲ ಮುಗಿದಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದು ಹಳೇ ಕಾಯ್ದೆಯನ್ನು ರದ್ದು ಮಾಡಿತು. ಹೊಸ ಕಾಯ್ದೆ 14 ಚದರ ಮೀಟರ್‌ಗಿಂತ ದೊಡ್ಡ ವಾಣಿಜ್ಯ ಜಾಗಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಅಂದರೆ ಸುಮಾರು 150 ಚದರ ಅಡಿ. ಅದಕ್ಕಿಂತ ಚಿಕ್ಕ ಅಂಗಡಿಗೂ ಬಾಡಿಗೆ ಮೊತ್ತದ ಮಿತಿ ಇದೆ, ಆ ಮಿತಿ ಇವತ್ತಿನ ಮೈಸೂರಿನ ಬಾಡಿಗೆಯ ಮುಂದೆ ತೀರಾ ಚಿಕ್ಕದು. ಹಾಗಾಗಿ ಈಗ ಹೊಸದಾಗಿ ಕೊಡುವ ಅಂಗಡಿಗಳಲ್ಲಿ ಬಹುಪಾಲು ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಿಮ್ಮ ಕರಾರು, ಇವೆರಡರ ಮೇಲೇ ನಿಂತಿವೆ. ಬಾಡಿಗೆದಾರನಿಗೆ ಬೇರೆ ಆಸರೆ ಇಲ್ಲ. ಇದು ಎರಡೂ ಕಡೆಯವರಿಗೆ ಇನ್ನೂ ಸರಿಯಾಗಿ ತಲುಪಿಲ್ಲ ಅನ್ನೋದು ನನ್ನ ಅನುಭವ. ಓನರ್ ಹಳೇ ಭಯದಲ್ಲೇ ಇದ್ದಾರೆ. ಬಾಡಿಗೆದಾರ ಹಳೇ ಧೈರ್ಯದಲ್ಲೇ ಇದ್ದಾನೆ.

ಸರಸ್ವತಿಪುರಂನಲ್ಲಿ ಒಬ್ಬ ಹೆಣ್ಣುಮಗಳು ಬ್ಲೌಸ್ ಹೊಲಿಯುವ ಅಂಗಡಿ ದೊಡ್ಡದು ಮಾಡಲು ಹೊರಟಾಗ ನಾನೂ ಜೊತೆಗೆ ಹೋಗಿ ಓನರ್ ಮನೆಯಲ್ಲಿ ಕೂತಿದ್ದೆ. ಓನರ್ ನಿವೃತ್ತ ಮೇಷ್ಟ್ರು. ಟೀಪಾಯ್ ಮೇಲೆ ಕರಾರಿನ ಕರಡು, ಪಕ್ಕದಲ್ಲಿ ಅವರ ಕನ್ನಡಕದ ಡಬ್ಬಿ, ಕಂದಾಯದ ರಸೀದಿಗಳ ಫೈಲು. ಐದು ವರ್ಷ, ನೋಂದಣಿ ಅಂತ ಹೇಳಿದ ಕೂಡಲೇ ಅವರು ಕರಡನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ನೋಡಮ್ಮ, ನೀನು ಒಳ್ಳೆಯವಳೇ. ಆದ್ರೆ ರಿಜಿಸ್ಟರ್ ಮಾಡಿಸಿಬಿಟ್ರೆ ನಾಳೆ ನೀನು ಬಿಡಲ್ಲ ಅಂದ್ರೆ ನಾನೇನು ಮಾಡ್ಲಿ? ನಮ್ಮಪ್ಪ ಅಶೋಕ ರೋಡ್ ಮಳಿಗೆಗೆ ಕೋರ್ಟ್‌ಗೆ ಅಲೆದಿದ್ದು ನಾನು ಕಣ್ಣಾರೆ ನೋಡಿದೀನಿ."

"ಮೇಷ್ಟ್ರೇ, ಬಿಡಲ್ಲ ಅಂತ ನಾನ್ಯಾಕೆ ಅನ್ಲಿ? ಐದು ಮೆಷಿನ್ ತರ್ತಿದೀನಿ, ನಾಲ್ಕು ಜನ ಹುಡುಗೀರಿಗೆ ಕೆಲಸ ಕೊಡ್ತಿದೀನಿ. ನನಗೂ ಭಯ ಇರಲ್ವಾ?"

ಆಗ ನಾನು ಮೇಷ್ಟ್ರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ನೋಂದಣಿಯಾದ ಕರಾರಿನಲ್ಲಿ ಮುಗಿಯುವ ದಿನಾಂಕ ಖಚಿತವಾಗಿರುತ್ತದೆ. ಆ ದಿನ ಬಂದರೆ ಗುತ್ತಿಗೆ ತಾನಾಗಿಯೇ ಮುಗಿಯುತ್ತದೆ. ಮುಗಿಸಲು ಬೇರೆ ನೋಟಿಸ್ ಕೂಡ ಬೇಕಿಲ್ಲ. ಅವಧಿ ಎಷ್ಟು, ಬಾಡಿಗೆ ಎಷ್ಟು ಅನ್ನುವುದರ ಮೇಲೆ ಜಗಳಕ್ಕೆ ಜಾಗವೇ ಇರುವುದಿಲ್ಲ. ಬಾಯಿಮಾತಿನ ಬಾಡಿಗೆಗಿಂತ ಓನರ್‌ಗೆ ಇದೇ ಹೆಚ್ಚು ಭದ್ರ. ಅವಧಿ ಮುಗಿದ ಮೇಲೂ ಬಿಡದಿದ್ದರೆ ದಿನಕ್ಕೆ ಇಷ್ಟು ಅಂತ ಪರಿಹಾರ ಬರೆಸಿಕೊಳ್ಳಿ ಅಂದೆ. ಮೇಷ್ಟ್ರು ಅದನ್ನು ಪೆನ್ಸಿಲ್‌ನಲ್ಲಿ ಅಂಚಿಗೆ ಗುರುತು ಹಾಕಿಕೊಂಡರು. ಆಮೇಲೆ ಮಾತು ಸಲೀಸಾಯಿತು. ಒಳಗಿನಿಂದ ಕಾಫಿ ಬಂತು. ನೋಂದಣಿ ಖರ್ಚು ಪೂರ್ತಿ ತಾನೇ ಕೊಡುತ್ತೇನೆ ಅಂತ ಅವಳು ಒಪ್ಪಿದಳು. ನನ್ನ ಪ್ರಕಾರ ಅದು ಸರಿಯಾದ ಲೆಕ್ಕ. ಭದ್ರತೆ ಜಾಸ್ತಿ ಬೇಕಾಗಿರುವುದು ಅವಳಿಗೆ.

ಮಾತಾಡುವ ಮುಂಚೆ ಇನ್ನೊಂದು ಕೆಲಸ ಇದೆ. ಎದುರಿಗೆ ಕೂತಿರುವವರೇ ನಿಜವಾದ ಓನರ್ ಹೌದಾ ಅಂತ ನೋಡುವುದು. ಮೈಸೂರಿನ ಹಳೇ ಬಡಾವಣೆಗಳಲ್ಲಿ ತಂದೆ ತೀರಿಕೊಂಡ ಮೇಲೆ ಖಾತೆ ಬದಲಾಯಿಸದೇ ಇರುವ ಕಟ್ಟಡ ಬೇಕಾದಷ್ಟಿವೆ. ಬಾಡಿಗೆ ತೆಗೆದುಕೊಳ್ಳುವವರು ದೊಡ್ಡಣ್ಣ. ಪಾಲು ಇರುವುದು ಬೆಂಗಳೂರಿನ ತಂಗಿಗೂ, ಅಮೆರಿಕದ ತಮ್ಮನಿಗೂ. ದೊಡ್ಡಣ್ಣ ಒಬ್ಬರೇ ಸಹಿ ಮಾಡಿದ ಕರಾರನ್ನು ನಾಳೆ ತಂಗಿ ಪ್ರಶ್ನೆ ಮಾಡಬಹುದು. ಖಾತೆ ಯಾರ ಹೆಸರಲ್ಲಿದೆ, ಪಾಲಿಕೆಗೆ ಕಂದಾಯ ಕಟ್ಟಿದ ಈ ವರ್ಷದ ರಸೀದಿ ಇದೆಯಾ ಅಂತ ಕೇಳಿ. ಕೇಳಲು ಸಂಕೋಚ ಬೇಡ. ಉದ್ದಿಮೆ ಪರವಾನಗಿಗೆ ಹೋದಾಗ ಹೇಗಿದ್ದರೂ ಆ ಕಾಗದಗಳು ಬೇಕಾಗುತ್ತವೆ.

ಋಣಭಾರ ಪತ್ರ, ಅಂದರೆ ಇ.ಸಿ., ಈಗ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಅದನ್ನು ತೆಗೆಸಿ ನೋಡಿದರೆ ಕಟ್ಟಡದ ಮೇಲೆ ಬ್ಯಾಂಕ್ ಸಾಲ ನೋಂದಣಿಯಾಗಿದ್ದರೆ ಗೊತ್ತಾಗುತ್ತದೆ. ಸಾಲ ಇದ್ದರೆ ತಪ್ಪೇನಿಲ್ಲ. ಸಾಲ ಇಲ್ಲದ ಕಟ್ಟಡ ಹುಡುಕುತ್ತಾ ಕೂತರೆ ಅಂಗಡಿ ತೆರೆಯಲು ಆಗುವುದಿಲ್ಲ. ಆದರೆ ಓನರ್ ಕಂತು ಕಟ್ಟದೆ ಬ್ಯಾಂಕ್ ಕಟ್ಟಡದ ಬಾಗಿಲಿಗೆ ಬಂದಾಗ, ನೋಂದಣಿ ಇಲ್ಲದ ಕರಾರು ಹಿಡಿದು ನಿಂತ ಬಾಡಿಗೆದಾರನ ಮಾತು ನಡೆಯುವುದು ಕಷ್ಟ. ಅಡಮಾನ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ತರಿಸಿಕೊಡಿ ಅಂತ ಓನರ್‌ಗೆ ಹೇಳಬಹುದು. ಕಟ್ಟಡ ಮಾರಾಟ ಆದರೆ? ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಸೆಕ್ಷನ್ ಪ್ರಕಾರ ಕೊಂಡವರು ಹಳೇ ಓನರ್ ಜಾಗಕ್ಕೆ ಬಂದು ನಿಲ್ಲುತ್ತಾರೆ. ಕರಾರು ಮುಂದುವರಿಯುತ್ತದೆ. ಅಡ್ವಾನ್ಸ್ ಮಾತ್ರ ಇಲ್ಲಿ ಎಡವುತ್ತದೆ. "ನನಗೆ ಯಾರೂ ನಿಮ್ಮ ಅಡ್ವಾನ್ಸ್ ಕೊಟ್ಟಿಲ್ಲ" ಅಂತ ಹೊಸಬರು ಅನ್ನುವುದು ನಾನೇ ಕೇಳಿದ್ದೇನೆ. ಮಾರಿದರೆ ಅಡ್ವಾನ್ಸ್ ಹೊಸಬರಿಗೆ ವರ್ಗಾಯಿಸಿ ಬಾಡಿಗೆದಾರನಿಗೆ ಪತ್ರ ಕೊಡಬೇಕು ಅಂತ ಒಂದು ಸಾಲು ಇರಲಿ. ಅಡ್ವಾನ್ಸ್ ಅನ್ನು ನಗದಾಗಿ ಕೊಡಲೇಬೇಡಿ, ಬ್ಯಾಂಕ್ ಮೂಲಕವೇ ಹೋಗಲಿ.

ಈಗ ಮೀಟರ್ ಬೋರ್ಡ್ ಹತ್ತಿರ ಬನ್ನಿ. ಅಂಗಡಿ ನೋಡಲು ಹೋದವರು ಟೈಲ್ಸ್ ನೋಡುತ್ತಾರೆ, ಶಟರ್ ಎಳೆದು ನೋಡುತ್ತಾರೆ. ಮೀಟರ್ ನೋಡುವುದಿಲ್ಲ. ಓನರ್ ಹತ್ತಿರ ಹಿಂದಿನ ತಿಂಗಳ ಚೆಸ್ಕಾಂ ಬಿಲ್ ಕೇಳಿ ಇಸ್ಕೊಳ್ಳಿ. ಅದರಲ್ಲಿ ಆರ್.ಆರ್. ನಂಬರ್ (ಸಂಪರ್ಕದ ಸಂಖ್ಯೆ), ಟ್ಯಾರಿಫ್, ಮಂಜೂರಾದ ಲೋಡ್ ಮೂರೂ ಇರುತ್ತವೆ. ಟ್ಯಾರಿಫ್ ಜಾಗದಲ್ಲಿ ಎಲ್‌ಟಿ-3 ಅಂತ ಇದ್ದರೆ ಅದು ವಾಣಿಜ್ಯದ ಸಂಪರ್ಕ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರದ ಕಡೆ ಮನೆಯ ಮುಂದಿನ ರೂಮ್ ಒಡೆದು ಶಟರ್ ಹಾಕಿರುವ ಅಂಗಡಿಗಳು ಎಷ್ಟೋ ಇವೆ. ಅಲ್ಲಿ ಮೀಟರ್ ಇನ್ನೂ ಮನೆಯದ್ದೇ ಆಗಿದ್ದರೆ, ತಪಾಸಣೆಗೆ ಬಂದ ದಿನ ದರದ ವ್ಯತ್ಯಾಸ ಕಟ್ಟಿ ಅಂತ ಬಿಲ್ ಬರುತ್ತದೆ. ಆ ಬಿಲ್ ಯಾರ ತಲೆಗೆ? ಕರಾರಿನಲ್ಲಿ "ವಿದ್ಯುತ್ ಶುಲ್ಕವೆಲ್ಲ ಬಾಡಿಗೆದಾರರದ್ದು" ಅಂತ ಒಂದು ಸಾಲು ಇರುತ್ತದೆ, ಅದನ್ನೇ ತೋರಿಸುತ್ತಾರೆ.

ಲೋಡ್ ಕೂಡ ಅಷ್ಟೇ ಮುಖ್ಯ. ಎರಡು ಕಿಲೋವಾಟ್ ಮಂಜೂರಾಗಿರುವ ಜಾಗದಲ್ಲಿ ಎಸಿ, ಡೀಪ್ ಫ್ರೀಜರ್, ಕರೆಂಟ್ ಒಲೆ ಇಡಲು ಆಗುವುದಿಲ್ಲ. ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಬೇಕಾದವರು ಸಂಪರ್ಕ ಯಾರ ಹೆಸರಲ್ಲಿದೆಯೋ ಅವರು, ಅಂದರೆ ಓನರ್. ಡೆಪಾಸಿಟ್ ಕಟ್ಟಬೇಕು. ಅದು ಯಾರು ಕಟ್ಟುವುದು, ಬಿಡುವಾಗ ಯಾರಿಗೆ ವಾಪಸ್, ಇದನ್ನು ಮೊದಲೇ ಮಾತಾಡಿ. ನೀರೂ ಹಾಗೆಯೇ. ವಾಣಿ ವಿಲಾಸ ವಾಟರ್ ವರ್ಕ್ಸ್‌ನ ನಲ್ಲಿ ಇದೆಯಾ, ಬೋರ್ ನೀರಾ, ಮೇಲಿನ ಮನೆಯವರ ಜೊತೆ ಹಂಚಿಕೊಳ್ಳಬೇಕಾ ಅಂತ ಕೇಳಿ. ಸಲೂನ್, ಹೋಟೆಲ್ ಇಡುವವರಿಗೆ ಇದು ಬಾಡಿಗೆಗಿಂತ ದೊಡ್ಡ ಪ್ರಶ್ನೆ.

ಅಳತೆಗೆ ಟೇಪ್ ಹಿಡಿದುಕೊಂಡೇ ಹೋಗಿ. ಹೊಸ ಕಾಂಪ್ಲೆಕ್ಸ್‌ಗಳಲ್ಲಿ 500 ಚದರ ಅಡಿ ಅಂತ ಹೇಳುವುದು ಮೆಟ್ಟಿಲು, ಕಾರಿಡಾರ್, ಲಿಫ್ಟ್ ಎಲ್ಲ ಸೇರಿಸಿ. ಗೋಡೆಯಿಂದ ಗೋಡೆಗೆ ಅಳೆದರೆ 350 ಬರಬಹುದು. ಅಡಿಗೆ 60 ರೂಪಾಯಿ ಅಂದುಕೊಂಡು ತಿಂಗಳಿಗೆ 30,000 ಕೊಡುವವರು, ನಿಜವಾಗಿ ಬಳಸುವ ಜಾಗಕ್ಕೆ ಅಡಿಗೆ 85 ರೂಪಾಯಿಯ ಮೇಲೆ ಕೊಡುತ್ತಿರುತ್ತಾರೆ. ಇನ್ನೊಂದು ಅಂಗಡಿಯವರು ಒಳಗಿನ ಅಳತೆಗೆ 75 ಹೇಳಿದರೆ ಅದು ದುಬಾರಿ ಅನಿಸುತ್ತದೆ. ಅಸಲಿಗೆ ಅದೇ ಅಗ್ಗ.

ವರ್ಷ ವರ್ಷ ಬಾಡಿಗೆ ಏರಿಸುವ ಷರತ್ತನ್ನು ಜನ ಓದಿ ಮುಂದೆ ಹೋಗಿಬಿಡುತ್ತಾರೆ. "ಹತ್ತು ಪರ್ಸೆಂಟ್ ತಾನೇ" ಅನ್ನುತ್ತಾರೆ. ಒಂದು ಸಲ ಕೂಡಿ ನೋಡೋಣ. ತಿಂಗಳಿಗೆ 25,000 ಬಾಡಿಗೆ, ಐದು ವರ್ಷದ ಕರಾರು. ವರ್ಷಕ್ಕೆ 10% ಏರಿದರೆ ಐದನೇ ವರ್ಷ ತಿಂಗಳಿಗೆ 36,600 ದಾಟುತ್ತದೆ. ಐದು ವರ್ಷಕ್ಕೆ ಒಟ್ಟು 18,31,530 ರೂಪಾಯಿ. ಅದೇ ವರ್ಷಕ್ಕೆ 5% ಆದರೆ ಒಟ್ಟು ಸುಮಾರು 16,57,700. ಮೂರು ವರ್ಷ ಆದ ಮೇಲೆ ಒಂದೇ ಸಲ 15% ಅಂತ ಮಾತಾದರೆ 15,90,000. ಮೊದಲನೆಯದಕ್ಕೂ ಕೊನೆಯದಕ್ಕೂ 2,41,530 ರೂಪಾಯಿ ವ್ಯತ್ಯಾಸ. ಬಾಡಿಗೆಯಲ್ಲಿ ಸಾವಿರ ರೂಪಾಯಿ ಕಡಿಮೆ ಮಾಡಿಸಲು ಒಂದು ವಾರ ಚೌಕಾಸಿ ಮಾಡುವವರು ಈ ಸಾಲಿಗೆ ಐದು ನಿಮಿಷ ಕೊಡುವುದಿಲ್ಲ. ಐದು ವರ್ಷಕ್ಕೆ ಆ ಸಾವಿರ ಅಂದರೆ 60,000. ಈ ಸಾಲು ಅದರ ನಾಲ್ಕರಷ್ಟು.

ಅಡ್ವಾನ್ಸ್‌ಗೆ ಇಂತಿಷ್ಟೇ ಅಂತ ಗಟ್ಟಿ ಲೆಕ್ಕ ಇಲ್ಲ. ಹತ್ತು ತಿಂಗಳ ಬಾಡಿಗೆ ಅನ್ನುವುದು ನಮ್ಮ ಕಡೆಯ ರೂಢಿ, ಒಳ್ಳೆ ರಸ್ತೆಯಾದರೆ ಇನ್ನೂ ಕೇಳುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಣಿಜ್ಯ ಜಾಗಕ್ಕೆ ಆರು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತ ಇದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನು ಮಾಡಿದಾಗಲೇ ಅದಕ್ಕೆ ಬಲ. ಆದರೂ ಚೌಕಾಸಿ ಮಾಡುವಾಗ ಎದುರಿಗೆ ಇಡಲು ಅದೊಂದು ಮಾತು ಸಿಕ್ಕಿತು ಅಲ್ವಾ?

ತೆರಿಗೆ ನನ್ನ ಕೆಲಸವಾದ್ದರಿಂದ ಇದನ್ನು ಬಿಡಲು ಆಗುವುದಿಲ್ಲ. ವಾಣಿಜ್ಯ ಬಾಡಿಗೆಗೆ ಜಿಎಸ್‌ಟಿ 18%. ಓನರ್ ಜಿಎಸ್‌ಟಿ ನೋಂದಣಿ ಇರುವವರಾದರೆ ಅವರೇ ಬಿಲ್ ಕೊಡುತ್ತಾರೆ. ಒಂದೆರಡು ಅಂಗಡಿ ಇಟ್ಟುಕೊಂಡ ಸಣ್ಣ ಓನರ್‌ಗಳ ಆದಾಯ ವರ್ಷಕ್ಕೆ 20 ಲಕ್ಷ ದಾಟುವುದಿಲ್ಲ, ಹಾಗಾಗಿ ನೋಂದಣಿ ಇರುವುದಿಲ್ಲ. ಆದರೆ ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ, 2024ರ ಅಕ್ಟೋಬರ್ 10ರಿಂದ ಆ 18% ತೆರಿಗೆಯನ್ನು ನೀವೇ ನೇರವಾಗಿ ಕಟ್ಟಬೇಕು. 30,000 ಬಾಡಿಗೆಗೆ 5,400. ಬಟ್ಟೆ ಅಂಗಡಿ, ಎಲೆಕ್ಟ್ರಿಕಲ್ ಅಂಗಡಿಯವರು ಅದನ್ನು ಇನ್‌ಪುಟ್ ಆಗಿ ತೋರಿಸಿ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳಬಹುದು. ಗಿರಾಕಿಗೆ 5% ಹಾಕುವ ಹೋಟೆಲ್‌ನವರಿಗೆ ಆ ಅನುಕೂಲ ಇಲ್ಲ, 5,400 ಪೂರ್ತಿ ಕೈಯಿಂದಲೇ. ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇರುವವರಿಗೆ 2025ರ ಜನವರಿಯಲ್ಲಿ ಇದರಿಂದ ವಿನಾಯಿತಿ ಸಿಕ್ಕಿತು. ಇನ್ನು ಬಾಡಿಗೆ ತಿಂಗಳಿಗೆ 50,000 ದಾಟಿದರೆ ಟಿಡಿಎಸ್, ಅಂದರೆ ಓನರ್ ಪರವಾಗಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಬಾಡಿಗೆಯಲ್ಲೇ ಮುರಿಯಬೇಕಾಗುತ್ತದೆ. ಅಷ್ಟು ಬಾಡಿಗೆ ಕೊಡುವವರು ಆಡಿಟರ್‌ನ ಮೊದಲೇ ಕೇಳಿಕೊಳ್ಳಿ. ಕರಾರಿನಲ್ಲಿ "ಬಾಡಿಗೆ ತೆರಿಗೆ ಸೇರಿ" ಅಂತ ಇದೆಯಾ, "ತೆರಿಗೆ ಪ್ರತ್ಯೇಕ" ಅಂತ ಇದೆಯಾ ಅಂತ ಒಂದು ಸಲ ನೋಡಿಬಿಡಿ.

ರಸ್ತೆ ಆಯ್ಕೆಯ ಬಗ್ಗೆ ಬರೆಯಲು ಹೋದರೆ ಅದೇ ಇನ್ನೊಂದು ಬರಹ ಆಗುತ್ತದೆ. ಒಂದೇ ಮಾತು ಹೇಳುತ್ತೇನೆ. ದಸರಾ ಸಮಯದ ಜನ ನೋಡಿ ದೇವರಾಜ ಅರಸ್ ರಸ್ತೆಯಲ್ಲೋ ಸಯ್ಯಾಜಿ ರಾವ್ ರಸ್ತೆಯಲ್ಲೋ ಬಾಡಿಗೆ ಲೆಕ್ಕ ಹಾಕಬೇಡಿ. ಆಷಾಢದ ಒಂದು ಮಂಗಳವಾರ ಮಧ್ಯಾಹ್ನ ಹೋಗಿ ನಿಂತು ನೋಡಿ. ಆ ದಿನದ ವ್ಯಾಪಾರಕ್ಕೂ ಬಾಡಿಗೆ ಹುಟ್ಟುತ್ತದೆ ಅನ್ನಿಸಿದರೆ ಮಾತ್ರ ಮುಂದುವರಿಯಿರಿ.

ಕಟ್ಟಡದ ಗಟ್ಟಿತನವನ್ನೂ ಮೈಸೂರಿನವರು ಮರೆಯುವ ಹಾಗಿಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ತೀರಿಕೊಂಡರು. ಅಲ್ಲಿ ಬಾಡಿಗೆಗಿದ್ದ ಅಂಗಡಿಗಳೆಲ್ಲ ಖಾಲಿಯಾದವು. ಹಳೇ ಪುಸ್ತಕ ಹುಡುಕಿಕೊಂಡು ಅಲ್ಲಿಗೆ ಹೋಗುತ್ತಿದ್ದ ನಮ್ಮಂಥವರಿಗೆ ಆ ಸಾಲು ಖಾಲಿ ಬಿದ್ದಿದ್ದು ನೋಡಿ ಇವತ್ತಿಗೂ ಸಂಕಟ. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದಿಕ್ಕಿನ ದ್ವಾರದ ಭಾಗ ಬಿತ್ತು. ಆಮೇಲೆ ಕೆಡವಬೇಕಾ, ಉಳಿಸಬೇಕಾ ಅನ್ನುವ ವಾದ ವರ್ಷಗಟ್ಟಲೆ ನಡೆಯಿತು. ಆ ವಾದದಲ್ಲಿ ಪಾರಂಪರಿಕ ಕಟ್ಟಡದ ಬಗ್ಗೆ ಮಾತಾಡಿದಷ್ಟು, ಅಲ್ಲಿ ಹೂವು, ಬಾಳೆಹಣ್ಣು, ಕುಂಕುಮ ಇಟ್ಟುಕೊಂಡು ಕೂತವರ ನಾಳೆಯ ಬಗ್ಗೆ ಮಾತಾಡಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಬೆಂಕಿ, ಪ್ರವಾಹ, ಬಿರುಗಾಳಿಗೆ ಕಟ್ಟಡ ಪೂರ್ತಿ ಹಾಳಾದರೆ, ಅಥವಾ ಬಳಸಲು ಶಾಶ್ವತವಾಗಿ ಆಗದ ಹಾಗಾದರೆ, ಕರಾರನ್ನು ರದ್ದು ಅಂತ ಹೇಳುವ ಆಯ್ಕೆ ಬಾಡಿಗೆದಾರನಿಗಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್‌ನಲ್ಲೇ ಅದು ಇದೆ. ಕಟ್ಟಡ ಬಿದ್ದ ಮಾತ್ರಕ್ಕೆ ಬಾಡಿಗೆ ಹಕ್ಕು ತಾನಾಗಿ ಹೋಗುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆದರೆ 2020ರ ಲಾಕ್‌ಡೌನ್ ಹಾಗಲ್ಲ. ಕಟ್ಟಡ ನಿಂತೇ ಇತ್ತು, ವ್ಯಾಪಾರ ಮಾತ್ರ ನಿಂತಿತ್ತು. ಈ ಸೆಕ್ಷನ್ ಅಲ್ಲಿ ಕೈ ಹಿಡಿಯಲಿಲ್ಲ. ಸರ್ಕಾರದ ಆದೇಶದಿಂದ ಅಂಗಡಿ ಮುಚ್ಚಬೇಕಾದರೆ ಬಾಡಿಗೆ ಎಷ್ಟು ಅಂತ ಕರಾರಿನಲ್ಲಿ ಬರೆದಿದ್ದವರು ಉಸಿರಾಡಿದರು. ಬರೆಯದವರು ಓನರ್ ಮನಸ್ಸು ಹೇಗಿದೆಯೋ ಹಾಗೆ. ಒಂದು ಪೈಸೆ ತೆಗೆದುಕೊಳ್ಳದ ಓನರ್‌ಗಳೂ ಇದ್ದರು, ಅದನ್ನೂ ಹೇಳಬೇಕು.

ಬಿಡುವ ಬಗ್ಗೆ ಶುರುವಿನಲ್ಲೇ ಮಾತಾಡುವುದು ಅಪಶಕುನ ಅಂತ ಕೆಲವರು ಅಂದುಕೊಳ್ಳುತ್ತಾರೆ. ದಯವಿಟ್ಟು ಮಾತಾಡಿ. ಲಾಕ್-ಇನ್ ಅಂತ ಒಂದು ಷರತ್ತು ಇರುತ್ತದೆ, ಇಷ್ಟು ವರ್ಷ ಬಿಡುವ ಹಾಗಿಲ್ಲ ಅಂತ. ಅದು ಯಾರಿಗೆ ಅನ್ನುವುದನ್ನು ನೋಡಿ. ಎಷ್ಟೋ ಕರಾರುಗಳಲ್ಲಿ ಬಾಡಿಗೆದಾರ ಮೂರು ವರ್ಷ ಬಿಡುವ ಹಾಗಿಲ್ಲ, ಓನರ್ ಮಾತ್ರ ಮೂರು ತಿಂಗಳ ನೋಟಿಸ್‌ನಲ್ಲಿ ಬಿಡಿಸಬಹುದು. ಇದು ನ್ಯಾಯವಲ್ಲ. ಬಾಡಿಗೆದಾರನಿಗೆ ನಿಜವಾಗಿ ಬೇಕಾಗಿರುವುದು ಇದರ ಉಲ್ಟಾ. ಬಾಡಿಗೆ ಕಟ್ಟುತ್ತಿರುವ ತನಕ ಓನರ್ ಐದು ವರ್ಷ ಎಬ್ಬಿಸುವ ಹಾಗಿಲ್ಲ, ವ್ಯಾಪಾರ ಕೈ ಹಿಡಿಯದಿದ್ದರೆ ಒಂದು ವರ್ಷದ ನಂತರ ಮೂರು ತಿಂಗಳ ನೋಟಿಸ್ ಕೊಟ್ಟು ನಾನು ಹೊರಗೆ ಬರಬಹುದು. ಪೂರ್ತಿ ಸಿಗದಿದ್ದರೂ ಕೇಳುವುದರಲ್ಲಿ ತಪ್ಪಿಲ್ಲ. ಐದು ವರ್ಷ ಮುಗಿದ ಮೇಲೆ ನವೀಕರಣದ ಹಕ್ಕು ಬೇಕಿದ್ದರೆ, ಎಷ್ಟು ತಿಂಗಳ ಮುಂಚೆ ಪತ್ರ ಕೊಡಬೇಕು, ಆಗ ಬಾಡಿಗೆ ಎಷ್ಟು ಅಂತಲೂ ಈಗಲೇ ಬರೆಸಿ. "ಪರಸ್ಪರ ಒಪ್ಪಿಗೆ ಮೇರೆಗೆ" ಅನ್ನುವ ಸಾಲಿನಿಂದ ಏನೂ ಸಿಗುವುದಿಲ್ಲ.

ನೀವು ಹಾಕಿಸಿದ ವಸ್ತುಗಳು ಯಾರದ್ದು? ಕಾಯ್ದೆ ನಿಮ್ಮ ಕಡೆ ಇದೆ. ಬಾಡಿಗೆದಾರ ತಾನು ಕಟ್ಟಡಕ್ಕೆ ಜೋಡಿಸಿದ್ದನ್ನು ಜಾಗ ತನ್ನ ವಶದಲ್ಲಿ ಇರುವಾಗಲೇ ತೆಗೆದುಕೊಂಡು ಹೋಗಬಹುದು, ಜಾಗವನ್ನು ಮೊದಲಿನ ಸ್ಥಿತಿಯಲ್ಲಿ ಬಿಡಬೇಕು ಅಷ್ಟೇ. ಆದರೆ ಕರಾರಿನಲ್ಲಿ ಬೇರೆ ಥರ ಬರೆದಿದ್ದರೆ ಕರಾರೇ ನಡೆಯುತ್ತದೆ. "ಎಲ್ಲ ಫಿಟಿಂಗ್ಸ್ ಮಾಲೀಕರಿಗೆ ಸೇರತಕ್ಕದ್ದು" ಅನ್ನುವ ಒಂದು ಸಾಲು ಟೈಪಿಂಗ್ ಅಂಗಡಿಯ ಹಳೇ ಫೈಲ್‌ನಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಎಸಿ, ಗಾಜಿನ ಬಾಗಿಲು, ಫಾಲ್ಸ್ ಸೀಲಿಂಗ್, ಇನ್ವರ್ಟರ್, ಒಂದೊಂದರ ಹೆಸರು ಹಿಡಿದು ಪಟ್ಟಿ ಮಾಡಿ ಕರಾರಿಗೆ ಸೇರಿಸಿ.

ಸರಸ್ವತಿಪುರಂನ ಆ ಕರಾರಿನಲ್ಲಿ ಹೆಚ್ಚು ಹೊತ್ತು ಹಿಡಿದಿದ್ದು ಬಾಡಿಗೆಯೂ ಅಲ್ಲ, ವರ್ಷವೂ ಅಲ್ಲ. ಅಡ್ವಾನ್ಸ್ ವಾಪಸ್ ಕೊಡುವ ದಿನ. ಹೊಸ ಬಾಡಿಗೆದಾರ ಬಂದ ಮೇಲೆ ಕೊಡುತ್ತೇನೆ ಅಂತ ಮೇಷ್ಟ್ರು. ಬೀಗದ ಕೈ ಕೊಟ್ಟ ದಿನವೇ ಬೇಕು ಅಂತ ಅವಳು. ಕೊನೆಗೆ ಬರೆದಿದ್ದು ಹೀಗೆ: ಬಿಡುವ ದಿನ ಇಬ್ಬರೂ ಸೇರಿ ಜಾಗ ನೋಡುವುದು. ಕರಾರಿಗೆ ಅಂಟಿಸಿದ ಮೊದಲ ದಿನದ ಫೋಟೋಗಳ ಜೊತೆ ಹೋಲಿಸುವುದು. ಬಾಕಿ ಇರುವ ಕರೆಂಟ್ ಬಿಲ್ ಮತ್ತು ಹಾನಿಯ ಖರ್ಚು ಮಾತ್ರ ಮುರಿಯುವುದು. ಬಣ್ಣಕ್ಕೆ ಎಷ್ಟು ಅಂತ ಮೊತ್ತ ಈಗಲೇ ನಿಗದಿ. ಉಳಿದಿದ್ದನ್ನು ಬೀಗದ ಕೈ ಪಡೆದ 15 ದಿನದೊಳಗೆ ಬ್ಯಾಂಕ್ ಖಾತೆಗೆ ಹಾಕುವುದು, ತಡವಾದರೆ ಬಡ್ಡಿ ಸೇರಿಸಿ. ಮೇಷ್ಟ್ರು ಬಡ್ಡಿಯ ಸಾಲನ್ನು ಎರಡು ಸಲ ಓದಿ, "ಇದು ಸರಿ, ಬಾಡಿಗೆ ತಡವಾದ್ರೂ ಅಷ್ಟೇ ಬಡ್ಡಿ ಅಂತ ಸೇರಿಸಿ" ಅಂದರು. ಅವಳು ಒಪ್ಪಿದಳು. ಮಾರನೇ ವಾರ ಇಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿ ಬಂದರು.